ಕೆಲಸ ಹೋಯಿತೆಂದು ಮನೆಯವರನ್ನೇ ಕೊಲ್ಲುತ್ತಾರಾ?

ಅಮೆರಿಕದ ಜಾನ್ ಲಿಸ್ಟ್ ಕೆಲಸ ಕಳೆದುಕೊಂಡು ಇಡೀ ಮನೆಯವರನ್ನು ಕೊಂದದ್ದು ಓದಿದೆ, ನಿರುದ್ಯೋಗ ಮನುಷ್ಯನನ್ನು ಅಲ್ಲಿಯವರೆಗೆ ತಳ್ಳುತ್ತದಾ ಅಂತ ನೀವು ಕೇಳಿದ್ದೀರಿ. ನಿಮ್ಮ ಕೆಲಸವೂ ಹೋಗಿದೆ, ಊರಿಗೆ ವಾಪಸ್ ಹೋಗಬೇಕು, ಮಕ್ಕಳಿಗೆ ಹೇಗೆ ಹೇಳಲಿ ಅಂತಲೂ ಕೇಳಿದ್ದೀರಿ.

ನನ್ನದು ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ. ಮಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕೆಲಸದಲ್ಲಿದ್ದೆ. 2019ರಲ್ಲಿ ಕೆಲಸ ಹೋಯಿತು. ಲಿಸ್ಟ್ ಬಗ್ಗೆ ಓದಿದ್ದು ಅದಾದ ಮೇಲೆ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳದೆ, ದಿನಾ ಬೆಳಿಗ್ಗೆ ಆಫೀಸಿಗೆ ಹೊರಟವನ ಹಾಗೆ ಹೊರಟು ರೈಲ್ವೆ ಸ್ಟೇಷನ್ನಿನಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದನಂತೆ. ಅದನ್ನು ಓದಿದಾಗ ಎದೆ ಧಸಕ್ಕೆಂದಿತು. ನಾನೂ ಹಾಗೆ ಕೂತಿದ್ದೆ. ಮಂಗಳೂರು ಸೆಂಟ್ರಲ್‌ನಲ್ಲಿ, ಒಂಬತ್ತು ದಿನ.

ಅವನ ಕಥೆ ಚುಟುಕಾಗಿ ಹೇಳುತ್ತೇನೆ. ಲಿಸ್ಟ್ ಲೆಕ್ಕಪತ್ರದ ಕೆಲಸದವನು, ಚರ್ಚಿಗೆ ತಪ್ಪದೆ ಹೋಗುವವನು. 1965ರಲ್ಲಿ ಬ್ಯಾಂಕಿನ ದೊಡ್ಡ ಕೆಲಸ ಸಿಕ್ಕಿತೆಂದು ಸಂಸಾರ ಕಟ್ಟಿಕೊಂಡು ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್‌ಗೆ ಬಂದ. 19 ಕೋಣೆಯ ಮನೆ ತೆಗೆದ. ತಾಯಿಯೂ ಜೊತೆಗಿದ್ದರು. ಆ ಕೆಲಸ ಬೇಗ ಹೋಯಿತು. ಸಾಲ ಏರಿತು, ತಾಯಿಯ ಖಾತೆಯಿಂದ ಗುಟ್ಟಾಗಿ ಹಣ ತೆಗೆಯತೊಡಗಿದ. 1971ರ ನವೆಂಬರ್ 9ರಂದು ತಾಯಿ, ಹೆಂಡತಿ, ಮೂರು ಮಕ್ಕಳು, ಐದೂ ಜನರನ್ನು ಗುಂಡಿಟ್ಟು ಕೊಂದು ಪರಾರಿಯಾದ. ಹಾಲು, ಪೇಪರ್ ಎಲ್ಲ ಮೊದಲೇ ನಿಲ್ಲಿಸಿದ್ದ. ಸುಮಾರು ಒಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಪಾದ್ರಿಗೆ ಪತ್ರ ಬರೆದಿಟ್ಟಿದ್ದ. ಬಡತನ ಬಂದರೆ ಇವರು ದೇವರ ದಾರಿ ಬಿಡುತ್ತಾರೆ, ಈಗಲೇ ಸತ್ತರೆ ಸ್ವರ್ಗಕ್ಕೆ ಹೋಗುತ್ತಾರೆ ಎಂಬ ಧಾಟಿ. ತಾನೇಕೆ ಸಾಯಲಿಲ್ಲ ಎಂದರೆ, ಆತ್ಮಹತ್ಯೆ ಮಾಡಿಕೊಂಡವರಿಗೆ ಸ್ವರ್ಗವಿಲ್ಲ ಎಂದ. ಆ ಮನೆಯ ಚಾವಣಿಯ ಬಣ್ಣದ ಗಾಜು ಮಾರಿದ್ದರೇ ಸಾಲ ತೀರುತ್ತಿತ್ತು ಅಂತ ಈ ಕಥೆ ಹೇಳುವವರು ಸೇರಿಸುತ್ತಾರೆ. ನನಗೆ ಅದರಲ್ಲಿ ಹುರುಳು ಕಾಣುವುದಿಲ್ಲ. ಸಾಲ ತೀರದವರು ನಮ್ಮ ಸುತ್ತ ಎಷ್ಟು ಜನ ಇಲ್ಲ? ಅವರೆಲ್ಲ ರಾತ್ರಿ ಮನೆಗೆ ಬಂದು ಮಕ್ಕಳ ಜೊತೆ ಊಟ ಮಾಡುತ್ತಾರೆ.

ನಾನು ಮತ್ತೆ ಮತ್ತೆ ಯೋಚಿಸುವುದು ಆಮೇಲಿನ ಸಂಗತಿ. ಓಡಿಹೋಗಿ ಹೆಸರು ಬದಲಿಸಿಕೊಂಡು ಡೆನ್ವರ್ ಕಡೆ ಅವನು ಮೊದಲು ಮಾಡಿದ್ದು ಅಡುಗೆ ಕೆಲಸ. ಆಮೇಲೆ ಪುನಃ ಲೆಕ್ಕ ಬರೆಯುವ ಕೆಲಸ ಹಿಡಿದ, ಪುನಃ ಮದುವೆಯಾದ. 1989ರಲ್ಲಿ ಟಿವಿಯಲ್ಲಿ ಅವನ ಕಥೆ ಬಂದ ಮೇಲೆ ಸಿಕ್ಕಿಬಿದ್ದ. 2008ರಲ್ಲಿ ಶಿಕ್ಷೆಯಲ್ಲಿರುವಾಗಲೇ ಸತ್ತ. ನೋಡಿ, ಸಣ್ಣ ಕೆಲಸ ಮಾಡಿ ಬದುಕಲು ಅವನಿಗೆ ಆಗುತ್ತಿತ್ತು. ಗುರುತಿಲ್ಲದ ಊರಿನಲ್ಲಿ ಸೌಟು ಹಿಡಿಯಲು ನಾಚಿಕೆಯಾಗಲಿಲ್ಲ. ಹೆಂಡತಿ ಮಕ್ಕಳ ಎದುರಿಗೆ ಮಾತ್ರ ಆಗಲಿಲ್ಲ. ತಾನು ಸೋತದ್ದು ಅವರಿಗೆ ಗೊತ್ತಾಗಬಾರದು ಎಂಬುದೇ ಅವನಿಗೆ ಅವರ ಜೀವಕ್ಕಿಂತ ದೊಡ್ಡದಾಯಿತು ಅಂತ ನನ್ನ ಅನಿಸಿಕೆ. ಸ್ವರ್ಗದ ಮಾತನ್ನು ನಾನು ನಂಬುವುದಿಲ್ಲ. ಐವರಲ್ಲಿ ಒಬ್ಬರನ್ನೂ ಅವನು ಕೇಳಲಿಲ್ಲ.

ನಮ್ಮ ಕಡೆಯೂ ಪೇಪರಿನಲ್ಲಿ ಬರುತ್ತದಲ್ಲ, ಸಾಲದ ಹೊರೆಗೆ ಕುಟುಂಬ ಸಮೇತ ಆತ್ಮಹತ್ಯೆ ಅಂತ. ಆರು ವರ್ಷದ ಮಗು ಎಲ್ಲಿ ಆತ್ಮಹತ್ಯೆ ಮಾಡಿಕೊಳ್ಳುತ್ತದೆ? ಅದನ್ನು ಕೊಂದದ್ದು. ಹಾಗೆಂದೇ ಬರೆಯಬೇಕು.

ಇಷ್ಟು ಗಟ್ಟಿಯಾಗಿ ಹೇಳಲು ನನಗೆ ಕಾರಣ ಇದೆ. ಸ್ಟೇಷನ್ನಿನ ಬೆಂಚಿನಲ್ಲಿ ಕೂತ ಆರನೆಯ ದಿನ, ಮನೆಯವರಿಗೆ ಮುಖ ತೋರಿಸುವುದಕ್ಕಿಂತ ನಾವೆಲ್ಲ ಒಟ್ಟಿಗೆ ಇಲ್ಲದೇ ಹೋದರೆ ಒಳ್ಳೆಯದಿತ್ತು ಎಂಬ ಯೋಚನೆ ನನಗೂ ಬಂತು. ಒಂದೇ ಕ್ಷಣ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಮಡಿಲಲ್ಲಿ ಟಿಫಿನ್ ಡಬ್ಬಿ ಇತ್ತು, ಹೆಂಡತಿ ಐದು ಗಂಟೆಗೆ ಎದ್ದು ಮಾಡಿದ ತೊಂಡೆಕಾಯಿ ಪಲ್ಯ. ಮುಚ್ಚಳ ತೆಗೆಯಲು ಮನಸ್ಸು ಬರಲಿಲ್ಲ. ಎದುರಿನಿಂದ ನಮ್ಮೂರ ಕಡೆಯ ಗಾಡಿ ಹೊರಟಿತು.

ಒಂಬತ್ತನೆಯ ದಿನ ಅಪ್ಪನ ಸ್ನೇಹಿತರೊಬ್ಬರು ಕಾಸರಗೋಡಿನ ಗಾಡಿಯಿಂದ ಇಳಿದರು. ನಾನು ಮಾವ ಎಂದೇ ಕರೆಯುವುದು. ನಮ್ಮವರಿಗೆ ಮಂಗಳೂರು ಎಂದರೆ ಆಸ್ಪತ್ರೆ ಅಲ್ವಾ, ಅವರೂ ಅದಕ್ಕೇ ಬಂದದ್ದು. "ನೀನೆಂತ ಇಲ್ಲಿ? ಆಫೀಸಿಲ್ವಾ?" ಎಂದರು. ರಜೆ ಎಂದೆ. "ಹಾಗಾದ್ರೆ ನನ್ನೊಟ್ಟಿಗೆ ಬಾ, ಎಕ್ಸ್‌ರೇ ಉಂಟು." ಟೋಕನ್ ಹಿಡಿದು ಕಾಯುವಾಗ ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. "ಅವಳಿಗೆ ಗೊತ್ತುಂಟಾ?" ಎಂದು ಕೇಳಿದರು. ಇಲ್ಲ ಎಂದೆ. "ಇವತ್ತು ರಾತ್ರಿಯೇ ಹೇಳು. ನಾಳೆಗೆ ಇಡ್ಬೇಡ."

ರಾತ್ರಿ ಹೇಳಿದೆ. ಅವಳು ಬಾಗಿಲ ಹಿಂದಿನ ಮೊಳೆ ತೋರಿಸಿದಳು. ದಿನಾ ಸಂಜೆ ಬಂದವನೇ ಐಡಿ ಕಾರ್ಡ್ ನೇತುಹಾಕುತ್ತಿದ್ದ ಮೊಳೆ. ಕಾರ್ಡನ್ನು ಕೊನೆಯ ದಿನವೇ ಆಫೀಸಿಗೆ ಕೊಟ್ಟು ಬಂದಿದ್ದೆ. "ಮೊದಲ ಸಂಜೆಯೇ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ" ಎಂದಳು. ಒಂಬತ್ತು ದಿನವೂ ಬುತ್ತಿ ಕಟ್ಟಿಕೊಟ್ಟಿದ್ದಳು.

ನಿಮ್ಮ ಹೆಂಡತಿಗೆ ಇನ್ನೂ ಹೇಳದಿದ್ದರೆ ಇವತ್ತೇ ಹೇಳಿ. ಕೆಟ್ಟ ಯೋಚನೆ ಒಂದು ಕ್ಷಣಕ್ಕಿಂತ ಜಾಸ್ತಿ ನಿಂತರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಊರಿಗೆ ಹೋದ ಮೇಲೆ ಕಷ್ಟವಾದದ್ದು ಒಂದೇ ಪ್ರಶ್ನೆ: "ರಜೆಯಲ್ಲಿ ಬಂದದ್ದಾ? ಎಷ್ಟು ದಿನ ಉಂಟು?" ಅಂಗಡಿಯಲ್ಲಿ, ಬಸ್ಸಿನಲ್ಲಿ, ಅಂಗಳದಲ್ಲಿ ಅಡಿಕೆ ಹರಡುವಾಗ ಬೇಲಿಯಾಚೆಯಿಂದ. ಮೊದಲ ಸಲ "ಇಲ್ಲ, ಕೆಲಸ ಹೋಯ್ತು" ಎನ್ನುವಾಗ ಗಂಟಲು ಒಣಗಿತು. ಹತ್ತನೆಯ ಸಲಕ್ಕೆ ಸಲೀಸಾಯಿತು. ಅಷ್ಟರಲ್ಲಿ ಕೇಳುವವರೂ ಮುಗಿದಿದ್ದರು. ಆಮೇಲೆ ಮಳೆಗಾಲ ಬಂತು, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ಅಪ್ಪನಿಗೆ ಜನ ಸಿಗದೆ ನಾನೇ ಮೈಲುತುತ್ತು, ಸುಣ್ಣ ಕಲಸಲು ನಿಂತೆ. ಸಂಬಳದ ಕೆಲಸ ಸಿಗಲು ಒಂದೂವರೆ ವರ್ಷವಾಯಿತು.

ಮಕ್ಕಳಿಗೆ ಹೇಳುವ ವಿಷಯ. ಮಗಳು ಆಗ ಮೂರನೇ ಕ್ಲಾಸು. ಬಸ್ಸು ತಲಪಾಡಿ ದಾಟಿ ಅಂಗಡಿಗಳ ಬೋರ್ಡು ಮಲಯಾಳಕ್ಕೆ ತಿರುಗಿದಾಗ, ಅಪ್ಪನ ಕೆಲಸ ಹೋಗಿದೆ, ಇನ್ನು ಅಜ್ಜನ ಮನೆಯಲ್ಲೇ ಇರುವುದು, ಅಲ್ಲಿಯ ಶಾಲೆಗೇ ಹೋಗುವುದು ಎಂದೆ. ಸುಮ್ನೆ ಏನನ್ನೂ ಸಿಂಗರಿಸಿ ಹೇಳಲಿಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಹೊಸ ಬ್ಯಾಗ್ ಇಲ್ವಾ?" ಎಂದಳು. ಈ ವರ್ಷ ಇಲ್ಲ ಎಂದೆ. ಉಪ್ಪಳದವರೆಗೂ ಅತ್ತಳು. ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ಸಿಗೆ ಕಾಯುವಾಗ ನನ್ನ ಅಂಗಿ ಎಳೆದು, ಹಸಿವಾಗ್ತದೆ ಎಂದಳು.