ಗಡಿ ಮುಚ್ಚಿದಾಗ ಉಂಡದ್ದು ಯಾವ ಬೆಳೆ?

ಮಾನ್ಯರೇ,

ಕಾಸರಗೋಡಿನ ಪೆರ್ಲದಿಂದ ತಾವು ಬರೆದ ಪತ್ರ ತಲುಪಿತು. 2020ರಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಹಿತ್ತಿಲಿನ ಹಲಸು, ಬಸಳೆಗಳೇ ನಮ್ಮನ್ನು ಸಾಕಿದವು, ಕೊರೋನಾ ಕಲಿಸಿದ ಆ ಸ್ವಾವಲಂಬನೆ ಎರಡೇ ವರ್ಷಗಳಲ್ಲಿ ಮರೆತುಹೋದದ್ದೇಕೆ ಎಂದು ಕೇಳಿದ್ದೀರಿ. ತಮ್ಮ ಕಳವಳ ನನ್ನದೂ ಹೌದು. ಆದರೆ ಕಲಿಸಿದ್ದು ಕೊರೋನಾ ಎಂಬ ಮಾತನ್ನು ಒಪ್ಪಲಾರೆ.

ಆ ಏಪ್ರಿಲಿನಲ್ಲಿ ನಮ್ಮ ಮನೆಯ ಅಟ್ಟದ ಅಡ್ಡೆಗೆ ಬಾಳೆನಾರಿನಿಂದ ಒಂದೊಂದಾಗಿ ಕಟ್ಟಿದ ಸೌತೆಕಾಯಿಗಳು ತೂಗುತ್ತಿದ್ದವು. ಅಮ್ಮ ದಿನವೂ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾಗತೊಡಗಿದ್ದನ್ನು ಅಂದಿನ ಸಾಂಬಾರಿಗೆ ಇಳಿಸುತ್ತಿದ್ದರು. ಅವು ಸುಗ್ಗಿಯ ಕೊಯ್ಲಾದ ಮೇಲೆ ಗದ್ದೆಯಲ್ಲಿ ಹಾಕಿದ ನೆಟ್ಟಿಕಾಯಿ, ಅಂದರೆ ಬೇಸಿಗೆಯ ತರಕಾರಿ. ಬೀಜ ಹಿಂದಿನ ವರ್ಷದ್ದು, ಬೂದಿ ಬೆರೆಸಿ ಒಣಗಿಸಿಟ್ಟದ್ದು. ಅಂದರೆ ಆ ಕಷ್ಟದಲ್ಲಿ ಉಂಡದ್ದು ಮೊದಲೇ ಇದ್ದ ಬೇಸಾಯವನ್ನು. ಗದ್ದೆಯು ಕಂಗಿನ (ಅಡಿಕೆಯ) ತೋಟವಾದ ಮನೆಗಳಲ್ಲಿ ಆ ಅಟ್ಟವೂ ಬರಿದಾಗಿತ್ತು.

ಉಳಿದದ್ದಕ್ಕೆಲ್ಲ ನಾವು ಮಂಗಳೂರಿನಿಂದ ಗಡಿ ದಾಟಿ ಬರುವ ತಲಪಾಡಿಯ ದಾರಿಯನ್ನೇ ನಂಬಿದ್ದೆವು. ಈರುಳ್ಳಿ, ಟೊಮೆಟೊ, ಬಟಾಟೆಯ ಲಾರಿಗಳು ಬರುವ ಗಡಿರಸ್ತೆಗಳಿಗೆ ಕರ್ನಾಟಕ ಮಣ್ಣು ಸುರಿದಾಗ, ತಡೆ ತೆಗೆಸಬೇಕೆಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಅದೇ ವಾರಗಳಲ್ಲಿ ಬೆಳೆದವನಿಗೆ ಕೊಳ್ಳುವವನಿಲ್ಲದೆ ತರಕಾರಿ ಗದ್ದೆಯಲ್ಲೇ ಕೊಳೆತದ್ದನ್ನೂ ಮರೆಯಬಾರದು. ಒಂದೇ ದಾರಿಗೆ ಕಟ್ಟಿಕೊಂಡ ಪೂರೈಕೆ ಮುರಿದರೆ ತಿನ್ನುವವನೂ ಬೆಳೆಯುವವನೂ ಒಟ್ಟಿಗೆ ಸೋಲುತ್ತಾರೆ.

ಹೀಗಾಗಿ ಜನ ಮರೆತರೆಂದು ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅಡಿಕೆಗೆ ನಿಶ್ಚಿತವಾದ ಕೊಳ್ಳುವವರಿದ್ದಾರೆ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೊದಂತಹ ಸಹಕಾರಿ ಸಂಸ್ಥೆ ಇದೆ. ಅಲಸಂಡೆಯ ಕಟ್ಟು ಹಿಡಿದು ಪೇಟೆಗೆ ಹೋದವನಿಗೆ ಮಾತ್ರ ಅಂಗಡಿಯಾತ ಹೇಳಿದ್ದೇ ಕ್ರಯ. ಲಾರಿ ಮತ್ತೆ ಬಂದ ದಿನವೇ ಆ ಕ್ರಯ ಕುಸಿಯಿತು. ಕೇರಳ ಸರ್ಕಾರ 2020ರ ನವೆಂಬರಿನಲ್ಲಿ 16 ಬಗೆಯ ಬೆಳೆಗಳಿಗೆ ಉತ್ಪಾದನಾ ವೆಚ್ಚಕ್ಕಿಂತ ಶೇ. 20ರಷ್ಟು ಹೆಚ್ಚಾಗಿ ಮೂಲಬೆಲೆ ನಿಗದಿಪಡಿಸಿದ್ದು ಸರಿಯಾದ ಹೆಜ್ಜೆ. ಆದರೆ ಬೆಲೆ ಗೊತ್ತುಮಾಡಿದಷ್ಟೇ ಮುಖ್ಯವಾದದ್ದು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಐದು ಕಿಲೋ ತೊಂಡೆಯನ್ನೂ ತೂಗಿ ಕೊಳ್ಳುವ ತಕ್ಕಡಿ.

ತಮ್ಮ ಊರಿನ ಸಹಕಾರಿ ಸಂಘದ ಜಗಲಿಯಲ್ಲಿ ವಾರಕ್ಕೊಮ್ಮೆ ಅಂತಹ ತಕ್ಕಡಿ ಇಡಿಸಲು ತಾವು ಪ್ರಯತ್ನಿಸುವಿರಾದರೆ, ಅದು ನಡೆದ ಬಗೆಯನ್ನೂ ಎಡವಿದ ಬಗೆಯನ್ನೂ ಬರೆದು ಕಳುಹಿಸಿ. ಈ ಪುಟದಲ್ಲೇ ಪ್ರಕಟಿಸುತ್ತೇವೆ.

ಸಂಪಾದಕ