ಆ ನಲವತ್ತು ಸೆಕೆಂಡಿನ ತಯಾರಿ

ಓದುಗರ ಪತ್ರ: ಹದಿನೈದು ವರ್ಷಗಳಿಂದ ಓದುತ್ತಿರುವ ಲೇಖಕಿಯನ್ನು ಮೊನ್ನೆ ಮೊದಲ ಸಲ ಕಂಡೆ. ಎರಡು ಗಂಟೆ ಸರದಿಯಲ್ಲಿ ನಿಂತಿದ್ದೆ, ಆದರೆ ಎದುರಿಗೆ ಹೋದಾಗ ಬಾಯಿಂದ ಮಾತೇ ಹೊರಡಲಿಲ್ಲ. ಪುಸ್ತಕದ ನುಣುಪು ಪುಟದ ಮೇಲೆ ಜೆಲ್ ಪೆನ್ನಿನಲ್ಲಿ ಹಾಕಿಸಿಕೊಂಡ ಸಹಿಯೂ ಮನೆಗೆ ಬರುವಷ್ಟರಲ್ಲಿ ಕಲೆಸಿಹೋಗಿತ್ತು. ಮುಂದಿನ ತಿಂಗಳು ಮೆಚ್ಚಿನ ಗಾಯಕರನ್ನು ಕಾಣುವ ಅವಕಾಶವಿದೆ. ಏನೇನು ಗಮನಿಸಬೇಕು? ಅಂಚೆಯಲ್ಲಿ ಬರುವ ಸಹಿ ಹಾಕಿದ ಫೋಟೊಗಳನ್ನು ನಂಬಬಹುದೇ?

ಸಂಪಾದಕರ ಉತ್ತರ: ಮೊದಲು ಕಲೆಸಿದ ಸಹಿಯ ವಿಷಯ. ನುಣುಪು ಕಾಗದಕ್ಕೆ ಮೇಲೊಂದು ಲೇಪನವಿರುತ್ತದೆ, ಅದು ಶಾಯಿಯನ್ನು ಬೇಗ ಹೀರಿಕೊಳ್ಳುವುದಿಲ್ಲ. ಜೆಲ್ ಶಾಯಿ ನೀರಿನಂಶದ್ದು. ಅಂಥ ಪುಟದ ಮೇಲೆ ಅದು ಹಲವು ನಿಮಿಷ ಹಸಿಯಾಗಿಯೇ ಕೂತಿರುತ್ತದೆ. ಪುಸ್ತಕ ಮುಚ್ಚಿದೊಡನೆ ಎದುರು ಪುಟಕ್ಕೂ ಅಂಟುತ್ತದೆ. ಈಗ ಅದನ್ನು ಒರೆಸಲು ಹೋಗಬೇಡಿ. ನೀರು, ಸ್ಪಿರಿಟ್, ರಬ್ಬರು ಯಾವುದು ತಾಗಿಸಿದರೂ ಉಳಿದ ಗೆರೆಯೂ ಹೋಗುತ್ತದೆ. ಒಂದು ಸ್ಕ್ಯಾನ್ ಪ್ರತಿ ಮಾಡಿಕೊಂಡು, ಆ ಪುಟಕ್ಕೂ ಎದುರು ಪುಟಕ್ಕೂ ನಡುವೆ ಆಮ್ಲರಹಿತ ತೆಳು ಕಾಗದವಿಟ್ಟು ಹಾಗೇ ಬಿಡಿ.

ಮುಂದಿನ ಸಲ ಪುಸ್ತಕದ ಒರಟು ಪುಟ ಹುಡುಕಿ. ಬಹುತೇಕ ಪುಸ್ತಕಗಳಲ್ಲಿ ಶೀರ್ಷಿಕೆ ಪುಟ ಒಳಪುಟಗಳ ಕಾಗದದ್ದೇ, ಸಹಿಗೆ ಅದೇ ಸರಿಯಾದ ಜಾಗ. ಪುಸ್ತಕದ ಮೇಲಿನ ಬಿಡಿ ಹೊದಿಕೆಯ ಮಡಿಕೆಯನ್ನು ಆ ಪುಟಕ್ಕೆ ಸಿಕ್ಕಿಸಿಟ್ಟರೆ ಕೊಟ್ಟ ಕೂಡಲೇ ತೆರೆದುಕೊಳ್ಳುತ್ತದೆ. ಪೆನ್ನು ಪಿಗ್ಮೆಂಟ್ ಶಾಯಿಯದ್ದು, ಕಪ್ಪು, 0.5 ಮಿ.ಮೀ. ಮೊನೆಯದ್ದಿರಲಿ. ಪಿಗ್ಮೆಂಟ್ ಎಂದರೆ ಬಣ್ಣದ ಸಣ್ಣ ಕಣಗಳು. ನೀರಿನಲ್ಲಿ ಕರಗುವ ಬಣ್ಣದ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ, ಇದು ಹಾಗೆ ಮಾಸುವುದಿಲ್ಲ. ಫೋಟೊಗೆ ಮಾತ್ರ ಬೇರೆ ಲೆಕ್ಕ: ಬಾಲ್‌ಪೆನ್ ಅಲ್ಲಿ ಜಾರುತ್ತದೆ, ಒತ್ತಿದರೆ ತಗ್ಗು ಬೀಳುತ್ತದೆ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರ್ ಬೇಕು. ಕಡುಬಣ್ಣದ ಚಿತ್ರಕ್ಕೆ ಬೆಳ್ಳಿಬಣ್ಣದ ಪೇಂಟ್ ಮಾರ್ಕರ್ ಒಯ್ಯುವುದಾದರೆ ಸರದಿಯಲ್ಲಿರುವಾಗಲೇ ಚೆನ್ನಾಗಿ ಅಲುಗಾಡಿಸಿ, ರದ್ದಿ ಕಾಗದದ ಮೇಲೆ ನಾಲ್ಕು ಗೆರೆ ಎಳೆದು ನೋಡಿ. ಇಲ್ಲವಾದರೆ ಮೊದಲ ಒತ್ತಿಗೇ ಬಣ್ಣ ಉಂಡೆಯಾಗಿ ಬೀಳುತ್ತದೆ. ಸಹಿಯಾದ ಮೇಲೆ ಹತ್ತು ನಿಮಿಷ ಅದನ್ನು ಮಟ್ಟಸವಾಗಿಯೇ ಹಿಡಿದಿರಿ.

ನಿಮ್ಮ ಹೆಸರನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅದೇ ಪುಟದಲ್ಲಿಡಿ. ಗದ್ದಲದಲ್ಲಿ ಹೆಸರಿನ ಕಾಗುಣಿತ ಹೇಳುತ್ತಾ ಕೂತರೆ ಸಿಕ್ಕ ಸಮಯ ಅದರಲ್ಲೇ ಮುಗಿಯುತ್ತದೆ. ಬರೀ ಸಹಿಯಿದ್ದರೆ ಮಾರುವಾಗ ಬೆಲೆ ಹೆಚ್ಚು ಎನ್ನುವವರಿದ್ದಾರೆ. ಇಟ್ಟುಕೊಳ್ಳುವವರಿಗೆ ನಮ್ಮ ಸಲಹೆ ಹೆಸರು, ಸಹಿ, ತಾರೀಖು ಮೂರೂ ಇರಲಿ ಎಂಬುದು.

ಇನ್ನು ಮಾತು. ಉದ್ದದ ಸರದಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಮೂವತ್ತು, ನಲವತ್ತು ಸೆಕೆಂಡು. ಬಾಯಿ ಕಟ್ಟುವುದು ಹೇಳಬೇಕಾದ್ದೆಲ್ಲ ಒಟ್ಟಿಗೆ ನುಗ್ಗಿ ಬರುವುದರಿಂದ. ಆದ್ದರಿಂದ ಒಂದೇ ವಾಕ್ಯ ಸಿದ್ಧ ಮಾಡಿಕೊಳ್ಳಿ, ಅದು ಕೃತಿಯ ಒಂದು ನಿರ್ದಿಷ್ಟ ಜಾಗದ ಬಗ್ಗೆ ಇರಲಿ. 'ನಿಮ್ಮ ಹಾಡೆಲ್ಲ ಇಷ್ಟ' ಎಂದರೆ ಅವರು 'ಧನ್ಯವಾದ' ಎಂದಷ್ಟೇ ಹೇಳಬಲ್ಲರು. 'ಎರಡನೇ ಚರಣದಲ್ಲಿ ನೀವು ಉಸಿರು ಹಿಡಿದು ನಿಲ್ಲಿಸುವ ಜಾಗ ಬಂದಾಗ ಪ್ರತಿ ಸಲ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ' ಎಂದು ನೋಡಿ, ಅವರು ತಲೆಯೆತ್ತುತ್ತಾರೆ. ಆ ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಐದಾರು ಸಲ ಹೇಳಿ ರೂಢಿ ಮಾಡಿಕೊಳ್ಳಿ. ಮನಸ್ಸಿನಲ್ಲೇ ಹೇಳಿಕೊಂಡದ್ದು ಆ ಹೊತ್ತಿಗೆ ನಾಲಿಗೆಗೆ ಬರುವುದಿಲ್ಲ.

ಕಛೇರಿ ಮುಗಿದ ಕೂಡಲೇ ಗಾಯಕರ ಗಂಟಲು ದಣಿದಿರುತ್ತದೆ. ಒಂದು ಸಾಲು ಹಾಡಿ ಎಂದು ಕೇಳಬೇಡಿ. ನಟರನ್ನು ಪಾತ್ರದ ಹೆಸರಿನಿಂದ ಕರೆಯಬೇಡಿ. ಲೇಖಕರ ಕೈಗೆ ನಿಮ್ಮ ಹಸ್ತಪ್ರತಿ ಕೊಡಬೇಡಿ: ಮುಂದೆ ಹೋಲಿಕೆ ಕಂಡರೆ 'ನನ್ನದನ್ನು ಕದ್ದರು' ಎಂಬ ತಕರಾರು ಬರಬಹುದೆಂದು ಅನೇಕರು ಅದನ್ನು ಮುಟ್ಟುವುದೇ ಇಲ್ಲ. ಊಟದ ಮೇಜು, ಆಸ್ಪತ್ರೆ, ಮಕ್ಕಳ ಜೊತೆಗಿರುವ ಹೊತ್ತು, ಇಂಥ ಕಡೆ ದೂರದಿಂದ ಒಂದು ನಮಸ್ಕಾರ ಸಾಕು. ಫೋಟೊ ಬೇಕಿದ್ದರೆ ಕೇಳಿ, ಒಪ್ಪಿದ ಮೇಲೆ ಕ್ಯಾಮೆರಾ ತೆರೆದಿಟ್ಟ ಫೋನನ್ನು ಹಿಂದಿರುವವರ ಕೈಗೆ ಕೊಡಿ. ಹೆಗಲ ಮೇಲೆ ಕೈಯಿಡುವುದಕ್ಕೂ ಅನುಮತಿ ಬೇಕು.

ಅಂಚೆಯ ಸಹಿಗಳ ಬಗ್ಗೆ ಎಚ್ಚರವಿರಲಿ. ಮೂಲ ಸಹಿಯನ್ನು ನಿಜವಾದ ಪೆನ್ನಿನಿಂದಲೇ ಮತ್ತೆ ಮತ್ತೆ ಬರೆಯುವ ಆಟೋಪೆನ್ ಯಂತ್ರಗಳಿವೆ. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಹೊಸ ಪುಸ್ತಕದ 'ಕೈಸಹಿ' ಪ್ರತಿಗಳು ಹೀಗೆ ಯಂತ್ರದಲ್ಲಾದವು ಎಂದು ಹೊರಬಿತ್ತು. ಕೊಂಡವರು ತಮ್ಮ ಪ್ರತಿಗಳ ಚಿತ್ರಗಳನ್ನು ಹೋಲಿಸಿ ನೋಡಿದ್ದೇ ಅದಕ್ಕೆ ಕಾರಣ. ಪ್ರಕಾಶಕರು ಹಣ ಮರಳಿಸಿದರು, ಡಿಲನ್ ಕ್ಷಮೆ ಕೇಳಿದರು. ಮನುಷ್ಯನ ಕೈ ಒಂದೇ ಸಹಿಯನ್ನು ಎರಡು ಸಲ ಚಾಚೂ ತಪ್ಪದೆ ಹಾಕಲಾರದು. ಒಂದೇ ಅಳತೆಗೆ ತಂದ ಎರಡು ಸಹಿ ಒಂದರ ಮೇಲೊಂದು ಸರಿಯಾಗಿ ಕೂತರೆ ಅದು ಯಂತ್ರದ್ದು, ಇಲ್ಲವೇ ಅಚ್ಚಿನದ್ದು. ಎಲ್ಲೆಡೆ ಒಂದೇ ದಪ್ಪದ ಗೆರೆ, ಶುರುವಿನಲ್ಲೂ ಕೊನೆಯಲ್ಲೂ ಚುಕ್ಕೆಯಂತೆ ನಿಂತ ಶಾಯಿ ಕಂಡರೂ ಅನುಮಾನಿಸಿ. ಭೂತಗನ್ನಡಿಯಲ್ಲಿ ಗೆರೆಯೇ ಸಣ್ಣ ಚುಕ್ಕೆಗಳಾಗಿ ಒಡೆದರೆ ಅಚ್ಚು ಎಂಬುದು ಖಚಿತ.

ಸಿಕ್ಕಿದ್ದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಆ ಬಿಸಿ ಮತ್ತು ಅಂಟನ್ನು ಮತ್ತೆ ಬಿಡಿಸಲಾಗದು. ಹೊಸ ಪ್ಲಾಸ್ಟಿಕ್ಕಿನ ಗಾಢ ವಾಸನೆ ಹೊಡೆಯುವ ಪಿವಿಸಿ ಚೀಲವೂ ಬೇಡ: ಅದನ್ನು ಮೆದುವಾಗಿಡುವ ರಾಸಾಯನಿಕ ಹೊರಬಂದು ಶಾಯಿಯನ್ನು ಎಬ್ಬಿಸುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆ ಒಳ್ಳೆಯದು. ಚೌಕಟ್ಟು ಹಾಕಿಸಿದರೆ ಗಾಜಿಗೂ ಫೋಟೊಗೂ ನಡುವೆ ಅಂತರವಿರಲಿ, ತೇವಕ್ಕೆ ಅಂಟಿಕೊಂಡರೆ ಬಿಡಿಸುವಾಗ ಸಹಿ ಗಾಜಿನಲ್ಲೇ ಉಳಿಯುತ್ತದೆ. ಬಿಸಿಲು ಬೀಳುವ ಗೋಡೆಯಾದರೆ ಅಲ್ಲಿಗೆ ಸ್ಕ್ಯಾನ್ ಪ್ರತಿ ತೂಗುಹಾಕಿ, ಅಸಲಿ ಪೆಟ್ಟಿಗೆಯಲ್ಲಿರಲಿ.