ಹೆಸರು ಎರಡು, ಜಿಗ್ ಒಂದೇ

‘ಹೇಸ್ಟ್ ಟು ದ ವೆಡ್ಡಿಂಗ್’, ‘ರೂರಲ್ ಫೆಲಿಸಿಟಿ’ ಎರಡೂ ಒಂದೇ ಜಿಗ್ಗಾ, ಅಸಲಿ ಹೆಸರು ಯಾವುದು ಅಂತ ಕೇಳಿದ್ದೀರಿ. (ಜಿಗ್ ಅಂದರೆ ಐರ್ಲೆಂಡ್, ಬ್ರಿಟನ್ ಕಡೆಯ ಚುರುಕಾದ ಕುಣಿತದ ಮಟ್ಟು.) ಹೌದು, ಒಂದೇ. 1767ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ‘ದಿ ಇಲೋಪ್‌ಮೆಂಟ್’ ಅನ್ನೋ ಪ್ರದರ್ಶನದಲ್ಲಿ ಇದನ್ನು ಹಾಡಿದ್ದರು. ಮದುವೆಗೆ ಬೇಗ ಬನ್ನಿ ಅಂತ ಶುರುವಾಗುವ ಆ ಹಾಡಿನಿಂದಲೇ ‘ಹೇಸ್ಟ್ ಟು ದ ವೆಡ್ಡಿಂಗ್’ ಅನ್ನೋ ಹೆಸರು ಬಂತು. ಹಾಗಂತ ಐರಿಶ್ ಅಲ್ಲ ಅನ್ನಬೇಡಿ. ಐರ್ಲೆಂಡಿನ ಪಿಟೀಲುಗಾರರು ತಲೆಮಾರುಗಳಿಂದ ನುಡಿಸಿ ಅದನ್ನು ತಮ್ಮದು ಮಾಡಿಕೊಂಡಿದ್ದಾರೆ.

ಮೂಲ ಹುಡುಕುವಾಗ ಹೆಸರನ್ನು ಜಾಸ್ತಿ ನಂಬಬೇಡಿ. ಕಿವಿಯಿಂದ ಕಲಿತವರಿಗೆ ಮಟ್ಟು ನೆನಪಿರುತ್ತೆ, ಹೆಸರು ಮರೆತುಹೋಗುತ್ತೆ, ಅಲ್ವಾ? ಸ್ವರ ಹೋಲಿಸಿ. ತಕಿಟ ತಕಿಟ ಅಂತ ಎಣಿಸಿ, ಪ್ರತಿ ‘ತ’ ಮೇಲೆ ಬೀಳುವ ಸ್ವರವನ್ನಷ್ಟೇ ಬರೆದುಕೊಳ್ಳಿ. ನಡುವಿನ ಸ್ವರಗಳನ್ನು ಒಬ್ಬೊಬ್ಬರು ಒಂದೊಂದು ಥರ ತಿರುಗಿಸ್ತಾರೆ, ಆದರೆ ಈ ಎಲುಬುಗೂಡು ಅಷ್ಟಾಗಿ ಬದಲಾಗಲ್ಲ. ಐರಿಶ್ ಮಟ್ಟುಗಳ ಸಂಗ್ರಾಹಕ ಬ್ರೆಂಡಾನ್ ಬ್ರಾನಾಕ್ ಕೂಡ ಒತ್ತು ಬೀಳುವ ಸ್ವರಗಳನ್ನೇ ಹಿಡಿದು ಸಾವಿರಾರು ಮಟ್ಟುಗಳ ಸೂಚಿ ಮಾಡಿದ್ದರು. 1963ರ ಅವರ ಪುಸ್ತಕದ ಟಿಪ್ಪಣಿಗಳನ್ನು ಒಮ್ಮೆ ನೋಡಿ. ಒಂದೊಂದು ಮಟ್ಟಿಗೂ ಎಷ್ಟು ಹೆಸರು!

ಆಗ ಷಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ ಅವರ 1903ರ ಐರಿಶ್ ಮಟ್ಟುಗಳ ಸಂಗ್ರಹವನ್ನೂ ಬಿಡಬೇಡಿ. ಅದರಲ್ಲಿ 1850 ಮಟ್ಟುಗಳಿವೆ.